ಸರ್ ಲುಡ್ವಿಗ್ ಗುಟ್‌ಮನ್ (1899–1980): ಬೆನ್ನುಹುರಿ ರೋಗಿಗಳ ಬದುಕು ಮತ್ತು ಮೂತ್ರನಾಳದ ಸೋಂಕಿನ ತಡೆ

ಪೀಠಿಕೆ

ಕೋಲಾರ ಜಿಲ್ಲೆಯ ಕೆ.ಜಿ.ಎಫ್. ಮತ್ತು ಬಂಗಾರಪೇಟೆ ತಾಲ್ಲೂಕುಗಳ ಜನತೆಗೆ ಗಣಿಯ ಬದುಕು ಹೊಸದಲ್ಲ. ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯು 1880ರ ದಶಕದಲ್ಲಿ ಆರಂಭಿಸಿದ ಚಿನ್ನದ ಗಣಿಗಾರಿಕೆಯು ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಸಂಸ್ಥೆಯ ಆಡಳಿತದಲ್ಲಿ 2001ರ ಫೆಬ್ರವರಿ 28ರವರೆಗೆ ನಡೆಯಿತು. ಚಾಂಪಿಯನ್ ರೀಫ್ ಗಣಿಯು ನೆಲಮಟ್ಟದಿಂದ ಮೂರು ಕಿಲೋಮೀಟರ್‌ಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಅಷ್ಟು ಆಳದಲ್ಲಿ ಬಂಡೆಗಳು ಒತ್ತಡ ತಾಳದೆ ಸಿಡಿಯುವುದನ್ನು ಗಣಿಗರು ರಾಕ್ ಬರ್ಸ್ಟ್ ಎಂದು ಕರೆಯುತ್ತಿದ್ದರು. ಬಂಡೆ ಮೈಮೇಲೆ ಬಿದ್ದು ಬೆನ್ನು ಮುರಿಯುವ ಅಪಾಯವು ಜಗತ್ತಿನ ಎಲ್ಲ ಆಳವಾದ ಗಣಿಗಳಲ್ಲಿಯೂ ಇದ್ದದ್ದೇ ಆಗಿದೆ.

ಇಂತಹದೇ ಒಂದು ಗಣಿ ಊರಿನಲ್ಲಿ, ಬೆನ್ನು ಮುರಿದ ಒಬ್ಬ ಯುವ ಕಾರ್ಮಿಕನ ಸಾವನ್ನು ಕಣ್ಣಾರೆ ಕಂಡು, ಮುಂದೆ ವೈದ್ಯಶಾಸ್ತ್ರದ ಒಂದು ವಿಭಾಗವನ್ನೇ ಬದಲಾಯಿಸಿದ ಮಹನೀಯರು ಸರ್ ಲುಡ್ವಿಗ್ ಗುಟ್‌ಮನ್. ಪ್ಯಾರಾಲಿಂಪಿಕ್ ಕ್ರೀಡಾಕೂಟದ ಜನಕರೆಂದು ಅವರು ಜಗತ್ಪ್ರಸಿದ್ಧರಾಗಿದ್ದಾರೆ. ಆದರೆ ಕ್ರೀಡೆಗಿಂತ ಮೊದಲು ಅವರು ಹೋರಾಡಿದ್ದು ಮೂತ್ರನಾಳದ ಸೋಂಕು ಮತ್ತು ಹಾಸಿಗೆ ಹುಣ್ಣುಗಳ ವಿರುದ್ಧ ಎಂಬ ಸಂಗತಿಯು ಹೆಚ್ಚು ಜನರಿಗೆ ತಿಳಿದಿಲ್ಲ. ಬೆನ್ನುಹುರಿಗೆ ಪೆಟ್ಟು ಬಿದ್ದವರಿಗೆ ಮಾತ್ರವಲ್ಲದೆ, ಮಲ್ಟಿಪಲ್ ಸ್ಕ್ಲೀರೋಸಿಸ್ ಎಂಬ ನರರೋಗದಿಂದ ಬಳಲುವವರಿಗೂ ಅವರ ಕಾರ್ಯವು ಇಂದು ನೆರವಾಗುತ್ತಿರುವುದರಿಂದ, ಸಾರ್ವಜನಿಕರ ಮಾಹಿತಿಗಾಗಿ ಅವರ ಜೀವನವನ್ನು ಇಲ್ಲಿ ಸಂಕ್ಷಿಪ್ತವಾಗಿ ನೀಡಲಾಗಿದೆ.

ಜನನ ಮತ್ತು ಬಾಲ್ಯ

ಲುಡ್ವಿಗ್ ಗುಟ್‌ಮನ್ ಅವರು 1899ರ ಜುಲೈ 3ರಂದು ಅಂದಿನ ಜರ್ಮನಿಯ ಮೇಲ್ ಸೈಲೀಸಿಯಾ ಪ್ರಾಂತ್ಯದ ಟೋಸ್ಟ್ ಎಂಬ ಸಣ್ಣ ಪಟ್ಟಣದಲ್ಲಿ ಯಹೂದಿ ಕುಟುಂಬವೊಂದರಲ್ಲಿ ಜನಿಸಿದರು. ನಾಲ್ವರು ಮಕ್ಕಳಲ್ಲಿ ಇವರೇ ಹಿರಿಯರು. ಇವರು ಮೂರು ವರ್ಷದ ಮಗುವಾಗಿದ್ದಾಗ ಕುಟುಂಬವು ಕೋನಿಗ್ಸ್‌ಹ್ಯುಟ್ಟೆ ಎಂಬ ಊರಿಗೆ ಬಂದು ನೆಲೆಸಿತು. ಈ ಎರಡೂ ಊರುಗಳು ಇಂದು ಪೋಲೆಂಡ್ ದೇಶದಲ್ಲಿವೆ. ಕೋನಿಗ್ಸ್‌ಹ್ಯುಟ್ಟೆಯು ಕಲ್ಲಿದ್ದಲು ಗಣಿಗಳ ಮತ್ತು ಉಕ್ಕಿನ ಕುಲುಮೆಗಳ ಊರು. ಕೆ.ಜಿ.ಎಫ್.ನಲ್ಲಿ ಹೇಗೆ ಗಣಿಯೇ ಊರನ್ನು ಕಟ್ಟಿತೋ ಹಾಗೆಯೇ ಅಲ್ಲಿಯೂ ಜನರ ಅನ್ನ, ವಸತಿ, ಆಸ್ಪತ್ರೆ ಎಲ್ಲವೂ ಗಣಿಯನ್ನೇ ಅವಲಂಬಿಸಿದ್ದವು.

ಗಣಿ ಕಾರ್ಮಿಕನ ಸಾವು

1917ರಲ್ಲಿ, ಮೊದಲನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲದಲ್ಲಿ, ಹದಿನೆಂಟರ ಹರೆಯದ ಗುಟ್‌ಮನ್ ಅವರು ಆ ಊರಿನ ಅಪಘಾತ ಆಸ್ಪತ್ರೆಯಲ್ಲಿ ಸ್ವಯಂಸೇವಕ ಪರಿಚಾರಕರಾಗಿ ಸೇವೆ ಸಲ್ಲಿಸುತ್ತಿದ್ದರು. ಒಂದು ದಿನ ಗಣಿಯಲ್ಲಿ ಬೆನ್ನುಮೂಳೆ ಮುರಿದುಕೊಂಡ, ಮೈಕಟ್ಟಿನ ಯುವ ಕಾರ್ಮಿಕನೊಬ್ಬನನ್ನು ಅಲ್ಲಿಗೆ ತರಲಾಯಿತು. ಸೊಂಟದ ಕೆಳಗಿನ ಸ್ವಾಧೀನ ಸಂಪೂರ್ಣವಾಗಿ ತಪ್ಪಿದ್ದ ಆತನಿಗೆ ಪ್ಲಾಸ್ಟರ್ ಕಟ್ಟಿ, ಇತರ ರೋಗಿಗಳಿಂದ ಮರೆಮಾಡಿ ಮಲಗಿಸಲಾಯಿತು. ಗುಟ್‌ಮನ್ ಅವರು ಆತನ ಸ್ಥಿತಿಯನ್ನು ಬರೆದುಕೊಳ್ಳಲು ಮುಂದಾದಾಗ, ಕೆಲವೇ ವಾರಗಳಲ್ಲಿ ಸಾಯುವವನ ಬಗ್ಗೆ ಬರೆದು ಪ್ರಯೋಜನವಿಲ್ಲವೆಂದು ಹಿರಿಯರು ತಿಳಿಸಿದರು. ಅದರಂತೆಯೇ ಆಯಿತು. ಸುಮಾರು ಐದು ವಾರಗಳ ತರುವಾಯ ಆ ಕಾರ್ಮಿಕನು ಮೃತನಾದನು.

ಆತನನ್ನು ಕೊಂದದ್ದು ಮುರಿದ ಮೂಳೆಯಲ್ಲ ಎಂಬುದನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಮೂತ್ರದ ಸೋಂಕು ಮತ್ತು ಹಾಸಿಗೆ ಹುಣ್ಣುಗಳಿಂದ ಹುಟ್ಟಿದ ನಂಜು ರಕ್ತಕ್ಕೆ ಸೇರಿ ಆತನ ಪ್ರಾಣವನ್ನು ತೆಗೆದಿತ್ತು. ಆ ಯುವಕನ ನೆನಪು ಗುಟ್‌ಮನ್ ಅವರನ್ನು ಜೀವನಪರ್ಯಂತ ಕಾಡಿತು.

ಬೆನ್ನುಹುರಿಗೂ ಮೂತ್ರಕೋಶಕ್ಕೂ ಇರುವ ಸಂಬಂಧ

ಗುಟ್‌ಮನ್ ಅವರ ಸಾಧನೆಯನ್ನು ಅರಿಯಲು ಮೂತ್ರಕೋಶದ ಕಾರ್ಯವಿಧಾನವನ್ನು ತಿಳಿಯುವುದು ಅವಶ್ಯಕ. ಮೂತ್ರಪಿಂಡಗಳಿಂದ ಇಳಿದು ಬರುವ ಮೂತ್ರವು ಮೂತ್ರಕೋಶದಲ್ಲಿ ಸಂಗ್ರಹವಾಗುತ್ತದೆ. ಕೋಶವು ತುಂಬಿದ ಸುದ್ದಿಯು ಬೆನ್ನುಹುರಿಯ ಮೂಲಕ ಮೆದುಳಿಗೆ ತಲುಪುತ್ತದೆ. ಸೂಕ್ತ ಸ್ಥಳ ಮತ್ತು ಸಮಯ ದೊರೆತಾಗ ಮೆದುಳಿನ ಅಪ್ಪಣೆಯು ಅದೇ ಬೆನ್ನುಹುರಿಯ ಮೂಲಕ ಕೆಳಗಿಳಿಯುತ್ತದೆ. ಆಗ ಮೂತ್ರಕೋಶದ ಸ್ನಾಯು ಸಂಕುಚಿತಗೊಂಡು, ಅದೇ ಕ್ಷಣದಲ್ಲಿ ಬಾಯಿಯ ಬಿಗಿ ಸ್ನಾಯು ಸಡಿಲಗೊಂಡು ಮೂತ್ರವು ಪೂರ್ಣವಾಗಿ ಹೊರಹೋಗುತ್ತದೆ.

ಬೆನ್ನುಹುರಿಯು ಕಡಿದುಹೋದಾಗ ಅಥವಾ ರೋಗದಿಂದ ಹಾಳಾದಾಗ ಈ ಹೊಂದಾಣಿಕೆ ತಪ್ಪುತ್ತದೆ. ಕೆಲವರಲ್ಲಿ ಕೋಶವು ಸ್ವಲ್ಪ ತುಂಬಿದರೂ ತಾನಾಗಿಯೇ ಸಂಕುಚಿತಗೊಂಡು ಮೂತ್ರ ಸೋರುತ್ತದೆ. ಕೆಲವರಲ್ಲಿ ಕೋಶವು ಒತ್ತುತ್ತಿರುವಾಗಲೇ ಬಾಯಿ ಬಿಗಿದುಕೊಂಡು ಮೂತ್ರವು ಒಳಗೇ ಉಳಿಯುತ್ತದೆ. ಇನ್ನು ಕೆಲವರಲ್ಲಿ ಕೋಶವು ಶಕ್ತಿಗುಂದಿ, ತುಂಬಿ ತುಳುಕಿದರೂ ಅರಿವಿಗೆ ಬರುವುದಿಲ್ಲ.

ಲೆಕ್ಕಪತ್ರದ ಭಾಷೆಯಲ್ಲಿ ಹೇಳುವುದಾದರೆ, ಆರೋಗ್ಯವಂತರ ಮೂತ್ರಕೋಶದಲ್ಲಿ ಪ್ರತಿ ಬಾರಿಯ ಅಂತಿಮ ಶಿಲ್ಕು ಬಹುತೇಕ ಸೊನ್ನೆಯಾಗಿರುತ್ತದೆ. ಈ ರೋಗಿಗಳಲ್ಲಿ ಪ್ರತಿ ಬಾರಿಯೂ ಶಿಲ್ಕು ಉಳಿದು ಮುಂದಕ್ಕೆ ಹೋಗುತ್ತದೆ. ನಿಂತ ನೀರಿನಲ್ಲಿ ಪಾಚಿ ಕಟ್ಟುವಂತೆ, ಉಳಿದ ಮೂತ್ರದಲ್ಲಿ ರೋಗಾಣುಗಳು ವೃದ್ಧಿಸುತ್ತವೆ. ಕೋಶವು ಅತಿಯಾಗಿ ಹಿಗ್ಗಿದಾಗ ಅದರ ಗೋಡೆಗೆ ರಕ್ತಸಂಚಾರ ಕಡಿಮೆಯಾಗಿ ರೋಗನಿರೋಧಕ ಶಕ್ತಿ ಕುಗ್ಗುತ್ತದೆ. ಒತ್ತಡ ಹೆಚ್ಚಿ ಮೂತ್ರವು ಮೇಲ್ಮುಖವಾಗಿ ಹಿಂದಿರುಗಿದಲ್ಲಿ ಸೋಂಕು ಮೂತ್ರಪಿಂಡಗಳಿಗೂ ತಲುಪುತ್ತದೆ. ಆ ಕಾಲದಲ್ಲಿ ಬೆನ್ನುಹುರಿ ರೋಗಿಗಳ ಸಾವಿಗೆ ಇದೇ ಮುಖ್ಯ ದಾರಿಯಾಗಿತ್ತು.

ವಿದ್ಯಾಭ್ಯಾಸ ಮತ್ತು ವೃತ್ತಿ

ಗುಟ್‌ಮನ್ ಅವರು 1918ರಲ್ಲಿ ಬ್ರೆಸ್ಲಾವ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಶಿಕ್ಷಣಕ್ಕೆ ಸೇರಿ, ನಂತರ ಫ್ರೈಬುರ್ಗ್‌ನಲ್ಲಿ ವ್ಯಾಸಂಗವನ್ನು ಮುಂದುವರಿಸಿ, 1924ರಲ್ಲಿ ವೈದ್ಯ ಪದವಿಯನ್ನು ಪಡೆದರು. ಬ್ರೆಸ್ಲಾವ್‌ನಲ್ಲಿ ಅವರು ಅಂದಿನ ಯೂರೋಪಿನ ಅಗ್ರಗಣ್ಯ ನರತಜ್ಞರಾದ ಓಟ್‌ಫ್ರೀಡ್ ಫೋರ್ಸ್ಟರ್ ಅವರ ಶಿಷ್ಯರಾದರು. 1927ರಲ್ಲಿ ಎಲ್ಸ ಎಂಬುವವರನ್ನು ವಿವಾಹವಾದರು. 1928ರಲ್ಲಿ ಹ್ಯಾಂಬರ್ಗ್‌ನಲ್ಲಿ ಕೆಲಕಾಲ ಸೇವೆ ಸಲ್ಲಿಸಿ, ಮರುವರ್ಷವೇ ಫೋರ್ಸ್ಟರ್ ಅವರ ಪ್ರಥಮ ಸಹಾಯಕರಾಗಿ ಬ್ರೆಸ್ಲಾವ್‌ಗೆ ಹಿಂದಿರುಗಿದರು. ಮೂವತ್ತರ ಆಸುಪಾಸಿನಲ್ಲಿಯೇ ಜರ್ಮನಿಯ ಪ್ರಮುಖ ನರತಜ್ಞರಲ್ಲಿ ಒಬ್ಬರೆಂಬ ಹೆಸರನ್ನು ಗಳಿಸಿದರು.

ಆದರೆ 1933ರಲ್ಲಿ ನಾಜಿ ಸರ್ಕಾರವು ಅಧಿಕಾರಕ್ಕೆ ಬಂದು, ಯಹೂದಿಗಳನ್ನು ಸರ್ಕಾರಿ ಸೇವೆಯಿಂದ ತೆಗೆದುಹಾಕುವ ಕಾನೂನನ್ನು ಜಾರಿಗೊಳಿಸಿತು. ಗುಟ್‌ಮನ್ ಅವರು ಹುದ್ದೆಯನ್ನು ಕಳೆದುಕೊಂಡರು. ಬ್ರೆಸ್ಲಾವ್‌ನ ಯಹೂದಿ ಆಸ್ಪತ್ರೆಯು ಅವರಿಗೆ ನರರೋಗ ವಿಭಾಗದ ಹೊಣೆಯನ್ನು ವಹಿಸಿತು. 1937ರಲ್ಲಿ ಅವರು ಆ ಆಸ್ಪತ್ರೆಯ ವೈದ್ಯಕೀಯ ನಿರ್ದೇಶಕರಾದರು.

1938ರ ನವೆಂಬರ್ ರಾತ್ರಿ

1938ರ ನವೆಂಬರ್ 9 ಮತ್ತು 10ರ ನಡುವಣ ರಾತ್ರಿ ಜರ್ಮನಿಯಾದ್ಯಂತ ಯಹೂದಿಗಳ ಮನೆ, ಅಂಗಡಿ, ಪ್ರಾರ್ಥನಾ ಮಂದಿರಗಳ ಮೇಲೆ ದಾಳಿ ನಡೆಯಿತು. ಆ ರಾತ್ರಿ ಆಸ್ಪತ್ರೆಗೆ ಬಂದ ಯಾರನ್ನೂ ಪ್ರಶ್ನಿಸದೆ ಒಳಗೆ ಸೇರಿಸಿಕೊಳ್ಳಬೇಕೆಂದು ಗುಟ್‌ಮನ್ ಅವರು ಸಿಬ್ಬಂದಿಗೆ ಆದೇಶಿಸಿದರು. ಮರುದಿನ ರಹಸ್ಯ ಪೊಲೀಸರು ಬಂದು, ಇಷ್ಟು ಜನ ಒಮ್ಮೆಗೇ ದಾಖಲಾದ ಕಾರಣವನ್ನು ಕೇಳಿದಾಗ, ಅವರು ಒಂದೊಂದು ಹಾಸಿಗೆಯ ಬಳಿಗೂ ಅಧಿಕಾರಿಗಳನ್ನು ಕರೆದೊಯ್ದು, ಪ್ರತಿಯೊಬ್ಬರಿಗೂ ಒಂದೊಂದು ಕಾಯಿಲೆಯನ್ನು ಹೆಸರಿಸಿದರು. ಹೀಗೆ ಆ ರಾತ್ರಿ ದಾಖಲಾದ 64 ಮಂದಿಯ ಪೈಕಿ 60 ಮಂದಿ ಬಂಧನದಿಂದ ಪಾರಾದರು. ಇದು ಪ್ರಾಣಾಪಾಯದ ಕೆಲಸವೆಂಬುದನ್ನು ಅರಿತೇ ಅವರು ಹಾಗೆ ಮಾಡಿದ್ದರು.

1939ರ ಮಾರ್ಚ್ ತಿಂಗಳಿನಲ್ಲಿ ಅವರು ಪತ್ನಿ ಹಾಗೂ ಇಬ್ಬರು ಚಿಕ್ಕ ಮಕ್ಕಳೊಂದಿಗೆ ಇಂಗ್ಲೆಂಡಿಗೆ ವಲಸೆ ಹೋದರು. ನಿರಾಶ್ರಿತ ವಿದ್ವಾಂಸರಿಗೆ ನೆರವು ನೀಡುತ್ತಿದ್ದ ಸಂಘವೊಂದರ ಸಹಾಯದಿಂದ ಆಕ್ಸ್‌ಫರ್ಡ್‌ನ ರಾಡ್‌ಕ್ಲಿಫ್ ಆಸ್ಪತ್ರೆಯಲ್ಲಿ ಸಂಶೋಧನೆಗೆ ಅವಕಾಶ ದೊರೆಯಿತು. ಸ್ವದೇಶದಲ್ಲಿ ವಿಭಾಗ ಮುಖ್ಯಸ್ಥರಾಗಿದ್ದವರು ಇಲ್ಲಿ ಪ್ರಯೋಗಾಲಯಕ್ಕೆ ಸೀಮಿತರಾದರು. ರೋಗಿಗಳ ಚಿಕಿತ್ಸೆಯಿಂದ ದೂರ ಉಳಿಯಬೇಕಾಗಿ ಬಂದುದು ಅವರಿಗೆ ಬೇಸರವನ್ನುಂಟುಮಾಡಿತ್ತು.

ಸ್ಟೋಕ್ ಮ್ಯಾಂಡವಿಲ್ ಕೇಂದ್ರದ ಸ್ಥಾಪನೆ

ಎರಡನೆಯ ಮಹಾಯುದ್ಧದ ಮಧ್ಯಭಾಗದಲ್ಲಿ ಬ್ರಿಟಿಷ್ ಸರ್ಕಾರವು ಯೂರೋಪಿನ ನೆಲದ ಮೇಲೆ ದೊಡ್ಡ ಕಾರ್ಯಾಚರಣೆಗೆ ಸಿದ್ಧತೆ ನಡೆಸಿತ್ತು. ಬೆನ್ನುಹುರಿಗೆ ಗುಂಡೇಟು ತಗಲಿದ ಸೈನಿಕರು ಹೆಚ್ಚಿನ ಸಂಖ್ಯೆಯಲ್ಲಿ ಬರುವ ನಿರೀಕ್ಷೆಯಿತ್ತು. ಮೊದಲನೆಯ ಮಹಾಯುದ್ಧದಲ್ಲಿ ಇಂತಹ ಗಾಯಾಳುಗಳಲ್ಲಿ ಬಹುಪಾಲು ಮಂದಿ ಸೋಂಕಿನಿಂದ ಮರಣ ಹೊಂದಿದ್ದರು. 1943ರಲ್ಲಿ ಈ ಗಾಯಾಳುಗಳಿಗಾಗಿಯೇ ಒಂದು ಪ್ರತ್ಯೇಕ ಕೇಂದ್ರವನ್ನು ಸ್ಥಾಪಿಸುವಂತೆ ಗುಟ್‌ಮನ್ ಅವರನ್ನು ಕೋರಲಾಯಿತು. ಭರವಸೆಯಿಲ್ಲದ ರೋಗಿಗಳ ನಡುವೆ ಸಮಯವನ್ನು ವ್ಯರ್ಥಗೊಳಿಸಬಾರದೆಂದು ಸಹೋದ್ಯೋಗಿಗಳಲ್ಲಿ ಕೆಲವರು ಸಲಹೆ ನೀಡಿದರು. ಆದರೆ ಚಿಕಿತ್ಸೆಯ ವಿಧಾನದಲ್ಲಿ ತಮಗೆ ಪೂರ್ಣ ಸ್ವಾತಂತ್ರ್ಯವಿರಬೇಕೆಂಬ ಷರತ್ತಿನೊಂದಿಗೆ ಅವರು ಹೊಣೆಯನ್ನು ಒಪ್ಪಿಕೊಂಡರು. 1944ರ ಫೆಬ್ರವರಿ 1ರಂದು ಐಲ್ಸ್‌ಬರಿ ಪಟ್ಟಣದ ಸಮೀಪದ ಸ್ಟೋಕ್ ಮ್ಯಾಂಡವಿಲ್ ಆಸ್ಪತ್ರೆಯಲ್ಲಿ ರಾಷ್ಟ್ರೀಯ ಬೆನ್ನುಹುರಿ ಗಾಯಾಳುಗಳ ಕೇಂದ್ರವು ಆರಂಭಗೊಂಡಿತು.

ಅಲ್ಲಿ ಅವರು ಕೈಗೊಂಡ ಕ್ರಮಗಳು ನೋಡಲು ಸರಳವಾಗಿದ್ದರೂ ಅವುಗಳ ಪಾಲನೆಯು ಕಠಿಣವಾಗಿತ್ತು. ಪ್ಲಾಸ್ಟರ್ ಕವಚಗಳನ್ನು ತೆಗೆಸಿದರು. ಪ್ರತಿ ಎರಡು ಗಂಟೆಗೊಮ್ಮೆ, ಹಗಲು ರಾತ್ರಿಯೆನ್ನದೆ, ಪ್ರತಿ ರೋಗಿಯನ್ನೂ ಮಗ್ಗುಲು ಬದಲಾಯಿಸಿ ಮಲಗಿಸಬೇಕೆಂದು ನಿಯಮ ವಿಧಿಸಿದರು. ನಿಯಮವು ಪಾಲನೆಯಾಗುತ್ತಿದೆಯೇ ಎಂದು ನೋಡಲು ರಾತ್ರಿ ವೇಳೆಯಲ್ಲಿ ತಾವೇ ವಾರ್ಡಿಗೆ ಬರುತ್ತಿದ್ದರು. ಅವರು ಶೀಘ್ರಕೋಪಿಗಳು, ಶಿಸ್ತಿನ ವಿಷಯದಲ್ಲಿ ರಿಯಾಯಿತಿ ತೋರದವರು. ಆದರೂ ರೋಗಿಗಳು ಅವರನ್ನು ಪ್ರೀತಿಯಿಂದ ಪಾಪಾ ಎಂದೇ ಕರೆಯುತ್ತಿದ್ದರು.

ಮೂತ್ರ ನಿರ್ವಹಣೆಯಲ್ಲಿ ತಂದ ಸುಧಾರಣೆ

ಅಂದಿನ ರೂಢಿಯಂತೆ ಗಾಯಾಳುಗಳ ಹೊಟ್ಟೆಯ ಕೆಳಭಾಗದಲ್ಲಿ ರಂಧ್ರ ಮಾಡಿ, ಮೂತ್ರಕೋಶಕ್ಕೆ ರಬ್ಬರ್ ಕೊಳವೆಯನ್ನು ಶಾಶ್ವತವಾಗಿ ಇರಿಸಲಾಗುತ್ತಿತ್ತು. ಮೂತ್ರಕೋಶದಲ್ಲಿ ಸದಾ ಇರುವ ಕೊಳವೆಯು ರೋಗಾಣುಗಳಿಗೆ ನೆಲೆಯಾಗುತ್ತದೆ, ಕಲ್ಲುಗಳು ಉಂಟಾಗುತ್ತವೆ ಹಾಗೂ ಕೋಶವು ಕುಗ್ಗಿ ಹೋಗುತ್ತದೆ ಎಂಬುದನ್ನು ಗುಟ್‌ಮನ್ ಅವರು ಮನಗಂಡಿದ್ದರು. ಈ ರೂಢಿಯನ್ನು ಅವರು ಬಲವಾಗಿ ವಿರೋಧಿಸಿದರು.

ಅದಕ್ಕೆ ಬದಲಾಗಿ, ನಿಗದಿತ ಅವಧಿಗೊಮ್ಮೆ ಶುದ್ಧೀಕರಿಸಿದ ಕ್ಯಾಥೆಟರ್ ಅನ್ನು ಮೂತ್ರದ್ವಾರದ ಮೂಲಕ ಒಳಸೇರಿಸಿ, ಕೋಶವನ್ನು ಪೂರ್ಣವಾಗಿ ಖಾಲಿ ಮಾಡಿ, ಕೂಡಲೇ ಹೊರತೆಗೆಯುವ ಪದ್ಧತಿಯನ್ನು ಜಾರಿಗೆ ತಂದರು. ಒಳಹೋಗುವ ಭಾಗವನ್ನು ಕೈಯಿಂದ ಮುಟ್ಟಕೂಡದೆಂಬುದು ಕಟ್ಟಾಜ್ಞೆಯಾಗಿತ್ತು. ಈ ಕೆಲಸವನ್ನು ಕಿರಿಯರಿಗೆ ಬಿಡದೆ ವೈದ್ಯರೇ ನಿರ್ವಹಿಸಬೇಕೆಂದು ಅವರು ವಿಧಿಸಿದರು. ಕಾಲಕ್ರಮದಲ್ಲಿ ಅನೇಕ ರೋಗಿಗಳು ಕೊಳವೆಯ ನೆರವಿಲ್ಲದೆಯೇ ಮೂತ್ರ ವಿಸರ್ಜಿಸಲು ಕಲಿತರು. 1966ರಲ್ಲಿ ಅವರು ಹ್ಯಾನ್ಸ್ ಫ್ರಾಂಕೆಲ್ ಅವರೊಡಗೂಡಿ 476 ರೋಗಿಗಳ ಅನುಭವವನ್ನು ಆಧರಿಸಿದ ಲೇಖನವನ್ನು ಪ್ರಕಟಿಸಿದರು. ಈ ಲೇಖನವು ಜಗತ್ತಿನ ಬೆನ್ನುಹುರಿ ಕೇಂದ್ರಗಳಿಗೆ ಮಾರ್ಗದರ್ಶಿಯಾಯಿತು.

ಇದಕ್ಕೂ ಮುನ್ನ, 1947ರಲ್ಲಿ, ಗುಟ್‌ಮನ್ ಅವರು ವಿಟರಿಡ್ಜ್ ಅವರೊಂದಿಗೆ ಮತ್ತೊಂದು ಮಹತ್ವದ ಸಂಗತಿಯನ್ನು ವಿವರಿಸಿದ್ದರು. ಬೆನ್ನುಹುರಿಯ ಮೇಲ್ಭಾಗದಲ್ಲಿ ಪೆಟ್ಟಾದವರಿಗೆ ಮೂತ್ರಕೋಶವು ತುಂಬಿ ಬಿಗಿದಾಗ ರಕ್ತದೊತ್ತಡವು ಹಠಾತ್ತಾಗಿ ಏರುತ್ತದೆ ಎಂಬುದೇ ಆ ಸಂಗತಿ. ತಲೆ ಸಿಡಿಯುವಂತಹ ನೋವು, ಮುಖ ಕೆಂಪಾಗುವುದು, ಬೆವರುವುದು ಇದರ ಲಕ್ಷಣಗಳು. ಇದು ಇಂದಿಗೂ ತುರ್ತು ಚಿಕಿತ್ಸೆಯ ಸ್ಥಿತಿಯಾಗಿದ್ದು, ಮೊದಲು ನೋಡಬೇಕಾದುದು ಮೂತ್ರ ಕಟ್ಟಿದೆಯೇ ಎಂಬುದನ್ನು.

ಕ್ರೀಡೆಯ ಮೂಲಕ ಪುನರ್ವಸತಿ

ರೋಗಿಯನ್ನು ಬದುಕಿಸಿದರೆ ಸಾಲದು, ಆತನು ದುಡಿದು ತೆರಿಗೆ ಕಟ್ಟುವ ಪ್ರಜೆಯಾಗಬೇಕೆಂಬುದು ಗುಟ್‌ಮನ್ ಅವರ ನಿಲುವಾಗಿತ್ತು. ಆಸ್ಪತ್ರೆಯಲ್ಲಿಯೇ ಮರಗೆಲಸ, ಗಡಿಯಾರ ದುರಸ್ತಿ ಮುಂತಾದ ಕಸುಬುಗಳ ತರಬೇತಿಗೆ ವ್ಯವಸ್ಥೆಯಾಯಿತು. ಗಾಲಿಕುರ್ಚಿಯಲ್ಲಿ ಕುಳಿತೇ ಆಡಬಹುದಾದ ಆಟಗಳನ್ನು ಚಿಕಿತ್ಸೆಯ ಭಾಗವನ್ನಾಗಿ ಮಾಡಲಾಯಿತು. ಬಿಲ್ಲುಗಾರಿಕೆಯಿಂದ ತೋಳು ಮತ್ತು ಬೆನ್ನಿನ ಬಲ ಹೆಚ್ಚುತ್ತಿತ್ತು. ಹಾಸಿಗೆ ಬಿಟ್ಟು ಎದ್ದು ಕೂರುವುದರಿಂದ ಹುಣ್ಣುಗಳು ಕಡಿಮೆಯಾಗಿ, ಮೂತ್ರಪಿಂಡಗಳಿಂದ ಮೂತ್ರವು ಸರಾಗವಾಗಿ ಇಳಿಯುತ್ತಿತ್ತು.

1948ರ ಜುಲೈ 29ರಂದು, ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯಾದ ದಿನವೇ, ಸ್ಟೋಕ್ ಮ್ಯಾಂಡವಿಲ್‌ನ ಹುಲ್ಲುಹಾಸಿನ ಮೇಲೆ 16 ಮಂದಿ ಮಾಜಿ ಸೈನಿಕರು ಬಿಲ್ಲುಗಾರಿಕೆಯ ಸ್ಪರ್ಧೆಯಲ್ಲಿ ಪಾಲ್ಗೊಂಡರು. ಇವರಲ್ಲಿ ಇಬ್ಬರು ಮಹಿಳೆಯರಿದ್ದರು. 1952ರಲ್ಲಿ ನೆದರ್‌ಲೆಂಡ್ಸ್‌ನ ತಂಡವು ಸೇರಿ ಸ್ಪರ್ಧೆಯು ಅಂತರರಾಷ್ಟ್ರೀಯವಾಯಿತು. 1960ರಲ್ಲಿ ರೋಮ್ ನಗರದಲ್ಲಿ 23 ದೇಶಗಳ ಸುಮಾರು 400 ಸ್ಪರ್ಧಿಗಳು ಭಾಗವಹಿಸಿದ ಕೂಟವನ್ನು ಮೊದಲನೆಯ ಪ್ಯಾರಾಲಿಂಪಿಕ್ಸ್ ಎಂದು ಪರಿಗಣಿಸಲಾಗಿದೆ.

1972ರ ಹೈಡೆಲ್‌ಬರ್ಗ್ ಕೂಟದಲ್ಲಿ ಭಾರತದ ಯೋಧ ಮುರಳಿಕಾಂತ್ ಪೇಟ್ಕರ್ ಅವರು ಈಜಿನಲ್ಲಿ ದೇಶಕ್ಕೆ ಮೊದಲ ಪ್ಯಾರಾಲಿಂಪಿಕ್ ಚಿನ್ನವನ್ನು ತಂದರು. ಅವರು 1965ರ ಯುದ್ಧದಲ್ಲಿ ಗುಂಡೇಟಿಗೆ ಒಳಗಾಗಿದ್ದವರು. 2012ರ ಲಂಡನ್ ಕೂಟದಲ್ಲಿ ಹಾಸನ ಜಿಲ್ಲೆಯ ಗಿರೀಶ ಅವರು ಎತ್ತರ ಜಿಗಿತದಲ್ಲಿ ಬೆಳ್ಳಿ ಪದಕ ಗಳಿಸಿದುದು ಕನ್ನಡಿಗರೆಲ್ಲರಿಗೂ ತಿಳಿದ ವಿಷಯವಾಗಿದೆ.

ಮಲ್ಟಿಪಲ್ ಸ್ಕ್ಲೀರೋಸಿಸ್ ರೋಗಿಗಳಿಗೆ ದೊರೆತ ಪ್ರಯೋಜನ

1868ರಲ್ಲಿ ಫ್ರಾನ್ಸಿನ ವೈದ್ಯ ಶಾರ್ಕೋ ಅವರು ಸ್ಪಷ್ಟವಾಗಿ ವಿವರಿಸಿದ ಮಲ್ಟಿಪಲ್ ಸ್ಕ್ಲೀರೋಸಿಸ್ ರೋಗದಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಮೆದುಳು ಮತ್ತು ಬೆನ್ನುಹುರಿಯ ನರತಂತುಗಳ ಹೊದಿಕೆಯನ್ನು ಹಾಳುಮಾಡುತ್ತದೆ. ವಿದ್ಯುತ್ ತಂತಿಯ ಮೇಲಿನ ಹೊದಿಕೆ ಸವೆದರೆ ಪ್ರವಾಹವು ಸರಿಯಾಗಿ ಹರಿಯದಂತೆ, ಇಲ್ಲಿಯೂ ನರಸಂದೇಶಗಳು ತಡವಾಗುತ್ತವೆ ಅಥವಾ ತಪ್ಪಿಹೋಗುತ್ತವೆ. ಸಾಮಾನ್ಯವಾಗಿ 20 ರಿಂದ 40 ವರ್ಷ ವಯಸ್ಸಿನಲ್ಲಿ ಕಾಣಿಸಿಕೊಳ್ಳುವ ಈ ರೋಗವು ಪುರುಷರಿಗಿಂತ ಮಹಿಳೆಯರಲ್ಲಿ ಹೆಚ್ಚು. ಅಪಘಾತವಿಲ್ಲದೆಯೇ ಇವರ ಬೆನ್ನುಹುರಿಯು ಹಾನಿಗೊಳಗಾಗುವುದರಿಂದ, ಬಹುಪಾಲು ರೋಗಿಗಳು ಒಂದಲ್ಲ ಒಂದು ಹಂತದಲ್ಲಿ ಮೂತ್ರಕೋಶದ ತೊಂದರೆಯನ್ನು ಅನುಭವಿಸುತ್ತಾರೆ.

ಗುಟ್‌ಮನ್ ಅವರ ಪದ್ಧತಿಗೆ ವೈದ್ಯರೂ ಶುದ್ಧೀಕರಣದ ಸಲಕರಣೆಗಳೂ ಬೇಕಾಗಿದ್ದುದರಿಂದ ಅದು ಆಸ್ಪತ್ರೆಯೊಳಗೆ ಉಳಿದಿತ್ತು. ಅದನ್ನು ಮನೆಗೆ ತಲುಪಿಸಿದವರು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಜ್ಯಾಕ್ ಲ್ಯಾಪಿಡೀಸ್. ಕೋಶವನ್ನು ಅತಿಯಾಗಿ ಹಿಗ್ಗಲು ಬಿಡದೆ ಸಕಾಲಕ್ಕೆ ಖಾಲಿ ಮಾಡುವುದೇ ಮುಖ್ಯವೆಂದೂ, ಕೈ ಮತ್ತು ಕೊಳವೆ ಸ್ವಚ್ಛವಾಗಿದ್ದರೆ ಸಾಕೆಂದೂ 1972ರಲ್ಲಿ ಅವರು ಪ್ರತಿಪಾದಿಸಿದರು. ಈ ವಿಧಾನವನ್ನು ಅವರು ಮೊದಲು ಕಲಿಸಿದ್ದು ಮಲ್ಟಿಪಲ್ ಸ್ಕ್ಲೀರೋಸಿಸ್‌ನಿಂದ ಬಳಲುತ್ತಿದ್ದ ಒಬ್ಬ ಮಹಿಳೆಗೆ. ಇಂದು ಸಾವಿರಾರು ಮಂದಿ ರೋಗಿಗಳು ತಮ್ಮ ಮನೆಯ ಬಚ್ಚಲಿನಲ್ಲಿ, ಕಚೇರಿಯಲ್ಲಿ, ಪ್ರಯಾಣದಲ್ಲಿ ಯಾರ ಹಂಗೂ ಇಲ್ಲದೆ ಈ ಕ್ರಮವನ್ನು ಅನುಸರಿಸುತ್ತಿದ್ದಾರೆ.

ಅಂತಿಮ ದಿನಗಳು

ಗುಟ್‌ಮನ್ ಅವರು 1961ರಲ್ಲಿ ಅಂತರರಾಷ್ಟ್ರೀಯ ಪ್ಯಾರಾಪ್ಲೀಜಿಯಾ ವೈದ್ಯಕೀಯ ಸಂಘವನ್ನು ಸ್ಥಾಪಿಸಿ ಅದರ ಮೊದಲ ಅಧ್ಯಕ್ಷರಾದರು. 1966ರಲ್ಲಿ ಅವರಿಗೆ ಸರ್ ಪದವಿ ದೊರೆಯಿತು. 1973ರಲ್ಲಿ ಬೆನ್ನುಹುರಿ ಗಾಯಗಳ ಸಮಗ್ರ ನಿರ್ವಹಣೆಯನ್ನು ಕುರಿತ ಬೃಹತ್ ಗ್ರಂಥವನ್ನು ಪ್ರಕಟಿಸಿದರು. 1976ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯರಾದರು. 1980ರ ಮಾರ್ಚ್ 18ರಂದು, ತಮ್ಮ 80ನೇ ವಯಸ್ಸಿನಲ್ಲಿ, ಹೃದಯದ ಕಾಯಿಲೆಯಿಂದ ನಿಧನ ಹೊಂದಿದರು. 2012ರಲ್ಲಿ ಪ್ಯಾರಾಲಿಂಪಿಕ್ಸ್ ಲಂಡನ್‌ಗೆ ಬಂದಾಗ ಅವರ ಪುತ್ರಿ ಈವಾ ಲೋಫ್ಲರ್ ಅವರು ಕ್ರೀಡಾಗ್ರಾಮದ ಮೇಯರ್ ಆಗಿ ಸೇವೆ ಸಲ್ಲಿಸಿದರು.

ನಮ್ಮ ಪ್ರದೇಶ ಮತ್ತು ಈ ಪರಂಪರೆ

ಗುಟ್‌ಮನ್ ಅವರು ತೋರಿದ ಮಾರ್ಗವು ನಮ್ಮ ನೆರೆಯಲ್ಲಿಯೂ ಬೇರೂರಿದೆ. ಬಂಗಾರಪೇಟೆಯಿಂದ ರೈಲಿನಲ್ಲಿ ಕಾಟ್ಪಾಡಿಗೆ ಹೋಗಿ ತಲುಪಬಹುದಾದ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಡಾ. ಮೇರಿ ವರ್ಗೀಸ್ ಅವರು 1963ರಲ್ಲಿ ಪುನರ್ವಸತಿ ಚಿಕಿತ್ಸಾ ವಿಭಾಗದ ನೇತೃತ್ವ ವಹಿಸಿದರು. 1966ರಲ್ಲಿ ಅಲ್ಲಿ ಒಳರೋಗಿಗಳ ಪುನರ್ವಸತಿ ಸಂಸ್ಥೆಯು ಆರಂಭವಾಯಿತು. ಅವರೇ 1954ರ ವಾಹನ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟು ಬಿದ್ದು ಗಾಲಿಕುರ್ಚಿಯಲ್ಲಿ ಕುಳಿತು ಶಸ್ತ್ರಚಿಕಿತ್ಸೆ ಮಾಡುತ್ತಿದ್ದವರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿಯೂ ನರರೋಗ ಹಾಗೂ ನರ ಪುನರ್ವಸತಿ ಚಿಕಿತ್ಸೆ ಲಭ್ಯವಿದೆ.

ಗಣಿಗಳು ಮುಚ್ಚಿದ ನಂತರ ಕೆ.ಜಿ.ಎಫ್. ಮತ್ತು ಬಂಗಾರಪೇಟೆಯ ಸಾವಿರಾರು ಜನರು ಉದ್ಯೋಗಕ್ಕಾಗಿ ಪ್ರತಿದಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುತ್ತಿದ್ದಾರೆ. ಮೂತ್ರದ ಅವಸರವುಳ್ಳವರು ಪ್ರಯಾಣದ ಭಯದಿಂದ ನೀರು ಕುಡಿಯುವುದನ್ನೇ ಬಿಡುವುದುಂಟು. ಜೀವನದಿಗಳಿಲ್ಲದ ಈ ಜಿಲ್ಲೆಯಲ್ಲಿ ಕುಡಿಯುವ ನೀರಿನ ಕೊರತೆಯೂ ಇದಕ್ಕೆ ಸೇರಿಕೊಳ್ಳುತ್ತದೆ. ನೀರು ಕಡಿಮೆಯಾದಷ್ಟೂ ಮೂತ್ರವು ಗಟ್ಟಿಯಾಗಿ, ಕೋಶವು ಕೆರಳಿ, ಸೋಂಕಿಗೆ ಎಡೆಯಾಗುತ್ತದೆ. ನಾಚಿಕೆಯಿಂದ ಮನೆಯವರಿಗೂ ಹೇಳದೆ ಇರುವವರ ಸ್ಥಿತಿಯು ಇನ್ನೂ ಕಷ್ಟಕರವಾದುದು.

ಸಾರ್ವಜನಿಕರು ಗಮನಿಸಬೇಕಾದ ಅಂಶಗಳು

1. ಮಲ್ಟಿಪಲ್ ಸ್ಕ್ಲೀರೋಸಿಸ್ ಅಥವಾ ಬೆನ್ನುಹುರಿ ಹಾನಿಯುಳ್ಳವರಲ್ಲಿ ಸ್ಪರ್ಶಜ್ಞಾನ ಕಡಿಮೆಯಿರುವುದರಿಂದ ಉರಿಮೂತ್ರದ ಅನುಭವವಾಗದೆಯೇ ಸೋಂಕು ಇರಬಹುದು. ಕಾಲುಗಳ ಸೆಡೆತ ಹೆಚ್ಚುವುದು, ಹಠಾತ್ ನಿಶ್ಶಕ್ತಿ, ಹೊಸದಾಗಿ ಮೂತ್ರ ಸೋರುವುದು, ಜ್ವರ ಇವು ಸೋಂಕಿನ ಸೂಚನೆಗಳಾಗಿರಬಹುದು.

2. ಸೋಂಕಿನ ಜ್ವರದಿಂದ ದೇಹದ ಉಷ್ಣತೆ ಏರಿದಾಗ ಹಳೆಯ ನರದೌರ್ಬಲ್ಯಗಳು ಮರುಕಳಿಸಿದಂತೆ ಕಾಣುತ್ತವೆ. ಇದನ್ನು ಮೂಲ ರೋಗವೇ ಉಲ್ಬಣಿಸಿದೆಯೆಂದು ಭಾವಿಸಿ ಸ್ಟೀರಾಯ್ಡ್ ಔಷಧ ಪಡೆದಲ್ಲಿ ಸೋಂಕು ಹೆಚ್ಚಾಗುವ ಅಪಾಯವಿದೆ. ಆದ್ದರಿಂದ ಮೊದಲು ಮೂತ್ರ ಪರೀಕ್ಷೆ ಮಾಡಿಸುವುದು ಅಗತ್ಯ.

3. ಪ್ರತಿಜೀವಕ ಔಷಧ ಆರಂಭಿಸುವ ಮೊದಲೇ ಮೂತ್ರದ ಕಲ್ಚರ್ ಪರೀಕ್ಷೆಗೆ ಮಾದರಿಯನ್ನು ನೀಡುವುದು ಒಳಿತು. ಯಾವ ತೊಂದರೆಯೂ ಇಲ್ಲದಿರುವಾಗ ಮೂತ್ರದಲ್ಲಿ ಬ್ಯಾಕ್ಟೀರಿಯಾ ಕಂಡುಬಂದ ಮಾತ್ರಕ್ಕೆ ಸಾಮಾನ್ಯವಾಗಿ ಔಷಧದ ಅಗತ್ಯವಿರುವುದಿಲ್ಲ. ಹಳೆಯ ಚೀಟಿಯಲ್ಲಿನ ಮಾತ್ರೆಗಳನ್ನು ತಾವಾಗಿಯೇ ಕೊಂಡು ಸೇವಿಸಬಾರದು.

4. ಮೂತ್ರ ವಿಸರ್ಜನೆಯ ನಂತರ ಕೋಶದಲ್ಲಿ ಎಷ್ಟು ಮೂತ್ರ ಉಳಿಯುತ್ತದೆ ಎಂಬುದನ್ನು ಸ್ಕ್ಯಾನಿಂಗ್ ಮೂಲಕ ತಿಳಿಯಬಹುದು. ಉಳಿಕೆಯು ಹೆಚ್ಚಾಗಿದ್ದಲ್ಲಿ ಸ್ವಯಂ ಕ್ಯಾಥೆಟರ್ ವಿಧಾನವನ್ನು ತರಬೇತಿ ಪಡೆದ ದಾದಿಯರಿಂದ ಅಥವಾ ವೈದ್ಯರಿಂದ ಕಲಿಯತಕ್ಕದ್ದು. ಪ್ರತಿ ಬಾರಿಯೂ ಮುಂಚಿತವಾಗಿ ಸಾಬೂನಿನಿಂದ ಕೈ ತೊಳೆಯುವುದು ಕಡ್ಡಾಯ.

5. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯ ಕಾರಣ ವೈದ್ಯರು ನಿರ್ಬಂಧಿಸಿರದಿದ್ದಲ್ಲಿ, ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ದ್ರವವನ್ನು ದಿನದುದ್ದಕ್ಕೂ ಹಂಚಿ ಸೇವಿಸಬೇಕು. ಮಲಬದ್ಧತೆಯೂ ಮೂತ್ರಕೋಶಕ್ಕೆ ಒತ್ತಡವುಂಟುಮಾಡುವುದರಿಂದ ಅದನ್ನು ನಿರ್ಲಕ್ಷಿಸಬಾರದು.

6. ಚಳಿಯೊಂದಿಗೆ ಜ್ವರ, ಪಕ್ಕೆ ನೋವು, ವಾಂತಿ, ಮಂಪರು, ಮೂತ್ರ ಸಂಪೂರ್ಣ ಕಟ್ಟುವುದು ಇವುಗಳಲ್ಲಿ ಯಾವುದೇ ಒಂದು ಕಂಡುಬಂದರೂ ವಿಳಂಬ ಮಾಡದೆ ಆಸ್ಪತ್ರೆಗೆ ಹೋಗಬೇಕು.

7. ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರ ಪಟ್ಟಿಯಲ್ಲಿರುವ 21 ಬಗೆಯ ಅಂಗವಿಕಲತೆಗಳಲ್ಲಿ ಮಲ್ಟಿಪಲ್ ಸ್ಕ್ಲೀರೋಸಿಸ್ ಸಹ ಸೇರಿದೆ. ಅರ್ಹರು ವಿಶಿಷ್ಟ ಗುರುತಿನ ಚೀಟಿಗಾಗಿ ಅರ್ಜಿ ಸಲ್ಲಿಸಬಹುದಾಗಿದೆ.

ಉಪಸಂಹಾರ

ಕೋನಿಗ್ಸ್‌ಹ್ಯುಟ್ಟೆಯ ಆ ಗಣಿ ಕಾರ್ಮಿಕನ ಹೆಸರನ್ನು ಚರಿತ್ರೆಯು ದಾಖಲಿಸಿಲ್ಲ. ಆತನಿಗೆ ಬೇಕಾಗಿದ್ದುದು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸುವ ಕೈಗಳು, ಸಕಾಲಕ್ಕೆ ಖಾಲಿಯಾಗುವ ಮೂತ್ರಕೋಶ ಮತ್ತು ಈತ ಬದುಕಬಲ್ಲನೆಂದು ನಂಬುವ ಒಬ್ಬ ವೈದ್ಯ. ಇವುಗಳಲ್ಲಿ ಯಾವುದೂ ದುಬಾರಿಯಾದುದಲ್ಲ. ನಮ್ಮ ಮನೆಗಳಲ್ಲಿ, ಬೀದಿಗಳಲ್ಲಿ ಇಂತಹ ರೋಗಿಗಳಿದ್ದಲ್ಲಿ, ಮೂತ್ರದ ವಿಷಯವನ್ನು ಮಾತನಾಡಲು ಸಂಕೋಚಪಡದೆ, ಅವರನ್ನು ಸಕಾಲದಲ್ಲಿ ಚಿಕಿತ್ಸೆಗೆ ಕರೆದೊಯ್ಯುವುದು ಎಲ್ಲರ ಕರ್ತವ್ಯವಾಗಿದೆ.

ಹೆಚ್ಚಿನ ಮಾಹಿತಿಗಾಗಿ ಸಾರ್ವಜನಿಕರು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ, ಆಶಾ ಕಾರ್ಯಕರ್ತೆಯರು, ರಾಬರ್ಟ್‌ಸನ್‌ಪೇಟೆ ಮತ್ತು ಬಂಗಾರಪೇಟೆಯ ಸಾರ್ವಜನಿಕ ಆಸ್ಪತ್ರೆಗಳು ಅಥವಾ ಕೋಲಾರದ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆಯನ್ನು ಸಂಪರ್ಕಿಸಬಹುದು.